ಸಹಾಯ ಬೇಕು: ಬಿಸಿಲು ಜಾಸ್ತಿ ಇರೋ ಊರುಗಳ ಏರ್‌ಪೋರ್ಟ್ ಲೌಂಜ್‌ಗಳಲ್ಲಿ ಹೊರಗಡೆ ಕೂರೋಕಾಗುತ್ತಾ?

ಎಲ್ರಿಗೂ ನಮಸ್ಕಾರ. ಅಮ್ಮನ ಜೊತೆ ದೂರದ ಪ್ರಯಾಣ ಇದೆ, ಮಧ್ಯೆ ಫ್ಲೈಟ್ ಬದಲಾಯಿಸೋಕೆ ತುಂಬಾ ಹೊತ್ತು ಕಾಯ್ಬೇಕು, ಅವರಿಗೆ ಏಸಿ ಗಾಳಿ ಸ್ವಲ್ಪ ಬಡಿದ್ರೂ ಮಂಡಿ ಹಿಡ್ಕೊಂಡ್ಬಿಡುತ್ತೆ, ಅದಕ್ಕೆ ಹೊರಗಡೆ ಕೂರೋ ಜಾಗ ಇರೋ ಲೌಂಜ್ ಹುಡುಕ್ತಿದೀನಿ. ಅಮೆರಿಕದ ಆಸ್ಟಿನ್‌ನಲ್ಲಿ ಡೆಲ್ಟಾ ವಿಮಾನ ಕಂಪನಿಯವರ ಲೌಂಜ್‌ಗೆ ಓಪನ್ ಡೆಕ್ ಇದೆ, ಡೊಮಿನಿಕನ್ ರಿಪಬ್ಲಿಕ್ ದೇಶದ ಪುಂಟಾ ಕಾನಾದಲ್ಲಂತೂ ಲೌಂಜ್ ಹೊರಗೆ ಈಜುಕೊಳಾನೇ ಇದೆ, ಆದ್ರೆ ನಾನು ನೋಡಿದ ಫೋಟೋ ಎಲ್ಲಾ ಸಂಜೆ ಹೊತ್ತಿಂದು, ನಂಗೆ ಬೇಕಿರೋದು ಉರಿಬಿಸಿಲ ಮಧ್ಯಾಹ್ನದ ವಿಷ್ಯ.

ಹೊರಗಡೆ ತಂಪಿಗೆ ಅಂತ ಇಡೋ, ನೀರಿನ ಮಂಜು ಹಾರಿಸೋ ಫ್ಯಾನು ಒಣ ಹವೆ ಇರೋ ಕಡೆ ಚೆನ್ನಾಗಿ ಕೆಲ್ಸ ಮಾಡುತ್ತೆ, ಹನಿ ಆವಿಯಾಗ್ತಾ ಗಾಳಿಯ ಬಿಸಿ ಎಳ್ಕೊಳುತ್ತೆ. ಆದ್ರೆ ಸಮುದ್ರದ ಪಕ್ಕದ ಸೆಕೆ ಊರಲ್ಲಿ ಗಾಳೀಲೇ ತೇವ ತುಂಬಿರುತ್ತಲ್ವಾ, ಹನಿ ಬೇಗ ಆರಲ್ಲ, ಬಟ್ಟೆ ಒದ್ದೆಯಾಗೋದೇ ಜಾಸ್ತಿ, ಅಲ್ಲಿ ನೆರಳು ಮತ್ತೆ ಜೋರಾಗಿ ಬೀಸೋ ದೊಡ್ಡ ಫ್ಯಾನೇ ಗತಿ.

ಮಧ್ಯಾಹ್ನ ಇಂಥಾ ಕಡೆ ಕೂತಿದ್ದೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ: ಮೇಲೆ ಪೂರ್ತಿ ಚಾವಣಿ ಇತ್ತಾ, ಬರೀ ಕೊಡೆನಾ? ಸುತ್ತ ಗಾಜು ಹಾಕಿ ಗಾಳಿನೇ ಆಡದ ಹಾಗೆ ಮಾಡಿದಾರಾ? ಕುರ್ಚಿ ಲೋಹದ್ದಾದ್ರೆ ಕೈ ಇಡೋಕಾಗಲ್ಲ, ಅದೂ ನೋಡಿದ್ರೆ ತಿಳಿಸಿ. ಇಂಧನದ ವಾಸನೆ ಎಷ್ಟಿರುತ್ತೆ ಅನ್ನೋದೂ ಮುಖ್ಯ, ಅಮ್ಮಂಗೆ ಉಬ್ಬಸ ಇದೆ.