ಹೊಸ ಲ್ಯಾಪ್‌ಟಾಪ್, ಹಳೇ ಪೇಜ್‌ಮೇಕರ್: ನುಡಿ ಆನ್ ಇದೆ, ಆದರೂ ಇಂಗ್ಲಿಷೇ ಬೀಳುತ್ತಿದೆ

ಬಟರ್‌ಪೇಪರ್:

ಎಲ್ಲರಿಗೂ ನಮಸ್ಕಾರ. ನನ್ನದು ಅರಸೀಕೆರೆಯಲ್ಲಿ ಸಣ್ಣದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಕರಪತ್ರ, ಪಕ್ಕದಲ್ಲೊಂದು ಜೆರಾಕ್ಸ್ ಮೆಷಿನ್. ಹತ್ತೊಂಬತ್ತು ವರ್ಷದಿಂದ ಪುಟ ಜೋಡಿಸಲು ಪೇಜ್‌ಮೇಕರ್ 7, ಕನ್ನಡ ಟೈಪ್ ಮಾಡಲು ನುಡಿ. ಈ ಕಾಲದಲ್ಲೂ 2001ರ ಸಾಫ್ಟ್‌ವೇರ್ ಯಾಕೆ ಅಂತ ದಯವಿಟ್ಟು ಕೇಳಬೇಡಿ. ಅಕ್ಕನ ಮದುವೆಗೆ ಪತ್ರಿಕೆ ಮಾಡಿಸಿದವರು ಆರು ವರ್ಷ ಬಿಟ್ಟು ತಂಗಿಯ ಮದುವೆಗೆ ಬರುತ್ತಾರೆ. "ಅದೇ ಡಿಸೈನ್ ಇರಲಿ, ಹೆಸರು ಬದಲಾಯಿಸಿ ಸಾಕು" ಅನ್ನುತ್ತಾರೆ. ಆ ಫೈಲ್ ಇರುವುದು ಪೇಜ್‌ಮೇಕರ್‌ನಲ್ಲಿ. ನನ್ನ ಅಂಗಡಿಯ ಅರ್ಧ ಬಂಡವಾಳವೇ ಆ ಹಳೇ ಫೈಲುಗಳು.

ಹಳೇ ಮೆಷಿನ್ 2012ರಲ್ಲಿ ತಗೊಂಡದ್ದು. ವಿಂಡೋಸ್ 7, 32 ಬಿಟ್. ಪೇಜ್‌ಮೇಕರ್‌ಗೆ ಅದು ಧಾರಾಳ ಸಾಕಾಗಿತ್ತು. ತೊಂದರೆ ಶುರುವಾದದ್ದು ಬ್ರೌಸರ್‌ನಿಂದ. ಕ್ರೋಮ್ 109 ಆದ ಮೇಲೆ ವಿಂಡೋಸ್ 7ಕ್ಕೆ ಹೊಸದು ಬರಲೇ ಇಲ್ಲ. ಗಿರಾಕಿಗಳು ಮ್ಯಾಟರ್ ಕಳಿಸುವುದು ವಾಟ್ಸಾಪ್‌ನಲ್ಲಿ. ಅರ್ಜಿ ತುಂಬುವ ಕೆಲಸವೂ ಆನ್‌ಲೈನ್. ಒಂದೊಂದೇ ಸೈಟ್ "ಬ್ರೌಸರ್ ಅಪ್‌ಡೇಟ್ ಮಾಡಿ" ಅಂತ ಬಾಗಿಲು ಹಾಕಿಕೊಂಡಿತು. ವಿಂಡೋಸ್ 10 ಹಾಕೋಣ ಅಂದರೆ ಅದರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಸೆಕ್ಯೂರಿಟಿ ಚಿಪ್ ಬೇಕಂತೆ, ಪ್ರೊಸೆಸರ್ ಇಂಟೆಲ್ ಆದರೆ ಎಂಟನೇ ತಲೆಮಾರಿನದಾದರೂ ಇರಬೇಕಂತೆ. ನನ್ನದು ಎರಡನೇ ತಲೆಮಾರಿನ ಐ3. ಆಗಲಿ ಅಂತ ಹೋದ ತಿಂಗಳು ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್ ತಂದೆ.

ಪೇಜ್‌ಮೇಕರ್ ಇನ್‌ಸ್ಟಾಲ್ ಆಯಿತು. ಆದರೆ ತೆರೆಯುವಾಗಲೇ ಯಾವುದೋ ಫೈಲ್ ಬರೆಯಲು ಆಗುತ್ತಿಲ್ಲ ಅಂತ ಎರರ್ ಕೊಟ್ಟು ಮುಚ್ಚಿಕೊಂಡಿತು. ಒಂದು ವಿಡಿಯೋ ನೋಡಿ, ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ, ಕಂಪ್ಯಾಟಿಬಿಲಿಟಿಯಲ್ಲಿ 'ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್' ಟಿಕ್ ಹಾಕಿದೆ. ತೆರೆಯಿತು. ಪ್ರತಿ ಸಲ ಅನುಮತಿ ಕೇಳುವುದು ತಲೆನೋವು. ಅದಕ್ಕೆ ಹಳೇ ಮೆಷಿನ್‌ನಲ್ಲಿ ಮಾಡಿದ್ದ ಹಾಗೇ ಅನುಮತಿ ಕೇಳುವ ವ್ಯವಸ್ಥೆ ಯುಎಸಿಯ ಸ್ಲೈಡರನ್ನು ತಳಕ್ಕೆ ಎಳೆದೆ. ಆಂಟಿವೈರಸ್ ಒಂದು ಸಲ ನುಡಿಯನ್ನೇ ಕಳ್ಳ ಅಂತ ಹಿಡಿದು ಒಳಗೆ ಹಾಕಿತು. ಅದನ್ನೂ ಆಫ್ ಮಾಡಿದೆ.

ಈಗ ವಿಷಯಕ್ಕೆ ಬರುತ್ತೇನೆ. ನೋಟ್‌ಪ್ಯಾಡ್‌ನಲ್ಲಿ, ವರ್ಡ್‌ನಲ್ಲಿ ನುಡಿ ಚೆನ್ನಾಗಿ ಓಡುತ್ತದೆ. ಪೇಜ್‌ಮೇಕರ್‌ಗೆ ಬಂದ ತಕ್ಷಣ ಕನ್ನಡ ಮಾಯ. 'ಸುಮುಹೂರ್ತ' ಹೊಡೆದರೆ ಎಸ್, ಯು, ಎಂ, ಯು ಅಂತ ಒತ್ತಿದ ಕೀಲಿಯೇ ಬೀಳುತ್ತದೆ. ಎರರ್ ಇಲ್ಲ, ಎಚ್ಚರಿಕೆ ಇಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ. ಸೆಕ್ಯೂರಿಟಿ ಬೇಡ ಅಂತ ನಾನು ಹೇಳುತ್ತಿಲ್ಲ. ಆಗಲ್ಲ ಅಂದರೆ ಆಗಲ್ಲ ಅನ್ನಲಿ. ಯಾಕೆ ಆಗಲ್ಲ ಅಂತ ಒಂದು ಸಾಲು ಹೇಳಬಾರದಾ? ಮಾತು ಬಿಟ್ಟ ಬೀಗರ ಹಾಗೆ ಮುಖ ತಿರುಗಿಸಿಕೊಂಡು ಕೂತರೆ ನಾನೇನು ಮಾಡಲಿ?

ಸದ್ಯಕ್ಕೆ ವರ್ಡ್‌ನಲ್ಲಿ ಹೊಡೆದು, ಕಾಪಿ ಮಾಡಿ ತಂದು ಹಾಕುತ್ತಿದ್ದೇನೆ. ಇಪ್ಪತ್ತು ನಿಮಿಷದ ಪತ್ರಿಕೆಗೆ ಒಂದು ಗಂಟೆ ಹಿಡಿಯುತ್ತಿದೆ. ಗಿರಾಕಿ ಎದುರಿಗೆ ಕೂತು "ದೊಡ್ಡಪ್ಪನ ಹೆಸರು ಮೇಲೆ ಬರಬೇಕು, ಚಿಕ್ಕಪ್ಪನದು ಕೆಳಗೆ" ಅಂತ ತಿದ್ದುಪಡಿ ಹೇಳುವಾಗ ಇದು ಆಗುವ ಕೆಲಸ ಅಲ್ಲ. ಗೊತ್ತಿದ್ದವರು ದಾರಿ ಹೇಳಿ.

ತೆಂಗಿನಗರಿ:

ಅಣ್ಣ, ಸ್ಕ್ರಾಲ್ ಲಾಕ್ ಒತ್ತಿದ್ದೀರಾ? ನುಡಿಯಲ್ಲಿ ಕನ್ನಡ-ಇಂಗ್ಲಿಷ್ ಬದಲಾಗುವುದು ಅದರಿಂದಲೇ ಅಲ್ವಾ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀಲಿಯೇ ಇರುವುದಿಲ್ಲ. ನಾನು ಎರಡು ದಿನ ಒದ್ದಾಡಿದ ಮೇಲೆ ಗೊತ್ತಾಯಿತು. ಆನ್-ಸ್ಕ್ರೀನ್ ಕೀಬೋರ್ಡ್ ತೆರೆದರೆ ಅದರಲ್ಲಿ ಸಿಗುತ್ತದೆ.

ಬಟರ್‌ಪೇಪರ್:

ಥ್ಯಾಂಕ್ಸ್ ತಮ್ಮ. ನಾನು ಹಳೇ ಯುಎಸ್‌ಬಿ ಕೀಬೋರ್ಡನ್ನೇ ಹಾಕಿಕೊಂಡಿದ್ದೇನೆ, ಲ್ಯಾಪ್‌ಟಾಪ್ ಕೀಲಿಗೆ ನನ್ನ ಬೆರಳು ಒಗ್ಗುವುದಿಲ್ಲ. ಸ್ಕ್ರಾಲ್ ಲಾಕ್ ದೀಪ ಉರಿಯುತ್ತಿದೆ. ವರ್ಡ್‌ನಲ್ಲಿ ಕನ್ನಡ ಬರುತ್ತಿದೆ ಅಂದೆನಲ್ಲ.

ಲ್ಯಾಬ್ ಮೇಷ್ಟ್ರು:

ಸರ್, ನಿಮ್ಮ ಪ್ರಶ್ನೆಯೊಳಗೇ ಉತ್ತರ ಇದೆ. ಪೇಜ್‌ಮೇಕರ್‌ಗೆ ಅಡ್ಮಿನ್ ಟಿಕ್ ಹಾಕಿದ್ದೀರಿ, ನುಡಿಗೆ ಹಾಕಿಲ್ಲ.

ನೀವು ಕೀಲಿ ಒತ್ತಿದಾಗ ನುಡಿ ಅದನ್ನು ನಡುದಾರಿಯಲ್ಲೇ ಹಿಡಿಯುತ್ತದೆ. ಅದರ ಬದಲು ನುಡಿ ಫಾಂಟಿನ ಸಂಕೇತಗಳನ್ನು ಎದುರಿನ ಪ್ರೋಗ್ರಾಂಗೆ ಕಳಿಸುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್‌ಗಳೂ ಕೀಲಿ ಹಿಡಿಯುವುದು ಇದೇ ದಾರಿಯಲ್ಲಿ. ನಿಮ್ಮ ಆಂಟಿವೈರಸ್ ಅನುಮಾನ ಪಟ್ಟಿದ್ದೂ ಬಹುಶಃ ಅದಕ್ಕೇ. 2007ರಲ್ಲಿ ವಿಸ್ಟಾ ಬಂದಾಗ ವಿಂಡೋಸ್‌ನೊಳಗೆ ಒಂದು ಗೋಡೆ ಎಬ್ಬಿಸಿದರು. ಯುಐಪಿಐ ಅಂತ ಅದರ ಹೆಸರು. ಸಾಮಾನ್ಯ ಹಕ್ಕಿನ ಪ್ರೋಗ್ರಾಂ, ಅಡ್ಮಿನ್ ಹಕ್ಕಿನ ಪ್ರೋಗ್ರಾಂಗೆ ಹೋಗುವ ಕೀಲಿಯನ್ನು ಹಿಡಿಯುವಂತಿಲ್ಲ, ತಾನಾಗಿ ಕಳಿಸುವಂತೆಯೂ ಇಲ್ಲ. ನಿಮ್ಮ ಪೇಜ್‌ಮೇಕರ್ ಗೋಡೆಯ ಆಚೆ ಇದೆ, ನುಡಿ ಈಚೆ ಇದೆ. ಆದ್ದರಿಂದ ಕೀಲಿ ನುಡಿಯ ಕಣ್ಣಿಗೇ ಬೀಳದೆ ನೇರ ಒಳಗೆ ಹೋಗುತ್ತಿದೆ. ವರ್ಡ್ ಈಚೆ ಇದೆ, ಅಲ್ಲಿ ತೊಂದರೆ ಇಲ್ಲ.

ಹಳೇ ಮೆಷಿನ್‌ನಲ್ಲಿ ಯಾಕೆ ನಡೆಯುತ್ತಿತ್ತು? ಆ ಸ್ಲೈಡರ್ ಕಾರಣ. ವಿಂಡೋಸ್ 7ರಲ್ಲಿ ಅದನ್ನು ತಳಕ್ಕೆ ಎಳೆದರೆ ಯುಎಸಿ ಪೂರ್ತಿ ಆಫ್. ಎಲ್ಲವೂ ಅಡ್ಮಿನ್, ಗೋಡೆಯೇ ಇಲ್ಲ. ವಿಂಡೋಸ್ 8ರಿಂದ ಈಚೆಗೆ ಹಾಗಲ್ಲ. ಸ್ಲೈಡರ್ ತಳಕ್ಕೆ ಎಳೆದರೆ ಅನುಮತಿ ಕೇಳುವುದು ಮಾತ್ರ ನಿಲ್ಲುತ್ತದೆ, ಗೋಡೆ ಇದ್ದಲ್ಲೇ ಇರುತ್ತದೆ. ಅಂದರೆ ಕಾವಲುಗಾರನ ಬಾಯಿ ಮುಚ್ಚಿಸಿದ್ದೀರಿ, ಬಾಗಿಲು ತೆಗೆದಿಲ್ಲ.

ಒಂದು ಸಾಲು ಹೇಳಬಾರದಾ ಅಂದಿರಿ. ತಮಾಷೆ ಕೇಳಿ. ಪ್ರೋಗ್ರಾಂನಿಂದ ಕೀಲಿ ಕಳಿಸುವ 'ಸೆಂಡ್ ಇನ್‌ಪುಟ್' ಅನ್ನುವ ವ್ಯವಸ್ಥೆ ವಿಂಡೋಸ್‌ನಲ್ಲಿದೆ. ಯುಐಪಿಐ ತಡೆದರೆ, ತಡೆದದ್ದು ಅದೇ ಅಂತ ಈ ವ್ಯವಸ್ಥೆ ತಿಳಿಸುವುದಿಲ್ಲ ಅಂತ ಅದರ ಕೈಪಿಡಿಯಲ್ಲೇ ಬರೆದಿದ್ದಾರೆ. ಪ್ರೋಗ್ರಾಂ ಬರೆಯುವವರಿಗೇ ಹೇಳದ್ದನ್ನು ನಿಮಗೆ ಎಲ್ಲಿ ಹೇಳುತ್ತದೆ!

ನುಡಿಗೂ ಅಡ್ಮಿನ್ ಟಿಕ್ ಹಾಕಿದರೆ ಕೆಲಸ ಆಗುತ್ತದೆ. ಆದರೆ ನಾನು ಬೇಡ ಅನ್ನುತ್ತೇನೆ. ಎರಡನ್ನೂ ಆಚೆ ಕಳಿಸುವ ಬದಲು ಎರಡನ್ನೂ ಈಚೆ ತನ್ನಿ. ಪೇಜ್‌ಮೇಕರ್‌ಗೆ ಅಡ್ಮಿನ್ ಬೇಕಾದದ್ದು ಯಾಕೆ? ಅದು ತನ್ನ ಸೆಟ್ಟಿಂಗ್ ಫೈಲನ್ನು ತಾನಿರುವ ಫೋಲ್ಡರ್‌ನಲ್ಲೇ ಬರೆಯಲು ನೋಡುತ್ತಿರಬೇಕು. ಆ ಕಾಲದ ಪ್ರೋಗ್ರಾಂಗಳ ಅಭ್ಯಾಸವೇ ಅದು. 'ಪ್ರೋಗ್ರಾಂ ಫೈಲ್ಸ್' ಒಳಗೆ ಬರೆಯಲು ಈಗ ಸಾಮಾನ್ಯ ಹಕ್ಕು ಸಾಲದು. ಆದ್ದರಿಂದ ಅನ್‌ಇನ್‌ಸ್ಟಾಲ್ ಮಾಡಿ. ಮತ್ತೆ ಹಾಕುವಾಗ ಜಾಗ ಕೇಳುತ್ತದಲ್ಲ, ಅಲ್ಲಿ ಸಿ ಡ್ರೈವ್‌ನಲ್ಲಿ ನೇರವಾಗಿ ಪಿಎಂ7 ಅಂತ ಫೋಲ್ಡರ್ ಕೊಡಿ. ಅಲ್ಲಿ ಬರೆಯಲು ಅಡ್ಡಿ ಇಲ್ಲ. ಟಿಕ್ ತೆಗೆಯಿರಿ. ಸ್ಲೈಡರನ್ನು ಮೊದಲಿದ್ದ ಜಾಗಕ್ಕೆ ತನ್ನಿ.

ಆಂಟಿವೈರಸ್ ಇವತ್ತೇ ಆನ್ ಮಾಡಿ. ಊರವರ ಪೆನ್‌ಡ್ರೈವ್ ಎಲ್ಲ ನಿಮ್ಮ ಮೆಷಿನ್‌ಗೆ ಬರುತ್ತದೆ ಸರ್. ಕನ್ನಡ ಗಣಕ ಪರಿಷತ್ತಿನ ತಾಣದಿಂದಲೇ ನುಡಿ ಇಳಿಸಿಕೊಳ್ಳಿ, ಯಾರೋ ಕೊಟ್ಟ ಕಾಪಿ ಬೇಡ. ಆಮೇಲೆ ಆ ಒಂದು ಫೋಲ್ಡರ್‌ಗೆ ಮಾತ್ರ ವಿನಾಯಿತಿ ಕೊಡಿ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿದ ವಾನಾಕ್ರೈ ವೈರಸ್ ನೆನಪಿದೆಯಾ? ಅದನ್ನು ತಡೆಯುವ ಅಪ್‌ಡೇಟ್ ಎರಡು ತಿಂಗಳ ಮೊದಲೇ, ಮಾರ್ಚ್‌ನಲ್ಲೇ ಬಂದಿತ್ತು. ಸಿಕ್ಕಿಬಿದ್ದ ಮೆಷಿನ್‌ಗಳಲ್ಲಿ ಹೆಚ್ಚಿನವು ಅಪ್‌ಡೇಟ್ ಹಾಕದ ವಿಂಡೋಸ್ 7. ನಿಮ್ಮ ಹಳೇ ಫೈಲುಗಳೇ ಬಂಡವಾಳ ಅಂದಿರಿ. ಅದರ ಇನ್ನೊಂದು ಕಾಪಿ ಎಲ್ಲಿದೆ?

ಕಚೇರಿ ಅಕ್ಕ:

ಮೇಷ್ಟ್ರು ಸರಿಯಾಗಿ ಹೇಳಿದ್ದಾರೆ. ಹೊಸ ಲ್ಯಾಪ್‌ಟಾಪ್ ಅಂದಿರಲ್ಲ, ನನಗಾದದ್ದು ನಿಮಗೆ ಆಗದಿರಲಿ ಅಂತ ಬರೆಯುತ್ತಿದ್ದೇನೆ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕಿಗೆ ಬೀಗ ಹಾಕುವ ವ್ಯವಸ್ಥೆ ಇರುತ್ತದೆ, ಬಿಟ್‌ಲಾಕರ್ ಅಂತ. ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಲಾಗಿನ್ ಆದರೆ ಎಷ್ಟೋ ಸಲ ತಾನಾಗಿಯೇ ಶುರುವಾಗುತ್ತದೆ. ಕಳ್ಳರು ಒಯ್ದರೆ ಒಳಗಿನ ಫೈಲ್ ಸಿಗುವುದಿಲ್ಲ, ಒಳ್ಳೆಯದೇ. ಒಂದು ದಿನ ಬಯೋಸ್, ಅಂದರೆ ಮೆಷಿನ್ ಆನ್ ಆಗುವಾಗ ಮೊದಲು ಓಡುವ ಸಾಫ್ಟ್‌ವೇರ್, ಅಪ್‌ಡೇಟ್ ಆಯಿತು. ಮತ್ತೆ ಆನ್ ಮಾಡಿದರೆ ನೀಲಿ ಪರದೆ. 48 ಅಂಕಿಯ ರಿಕವರಿ ಕೀ ಕೊಡಿ ಅಂತ ಕೇಳಿತು. ನನ್ನ ಹತ್ತಿರ ಎಲ್ಲಿಂದ ಬರಬೇಕು! ಅದು ಲಾಗಿನ್ ಆದ ಅಕೌಂಟ್‌ನಲ್ಲಿ ಸೇವ್ ಆಗಿರುತ್ತದೆ. ನನ್ನ ಅಕೌಂಟ್ ತೆರೆದುಕೊಟ್ಟವನು ಲ್ಯಾಪ್‌ಟಾಪ್ ಅಂಗಡಿಯ ಹುಡುಗ. ತನ್ನದೇ ಫೋನ್ ನಂಬರ್ ಹಾಕಿದ್ದ. ಅವನು ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದ. ನಾಲ್ಕು ದಿನ ಹುಡುಕಿ, ಅವನಿಂದ ಓಟಿಪಿ ಹೇಳಿಸಿಕೊಂಡು, ಕೊನೆಗೆ ಆ 48 ಅಂಕಿ ಸಿಕ್ಕಿತು. ಸಿಗದಿದ್ದರೆ ಎಲ್ಲ ಅಳಿಸಿ ಹೊಸದಾಗಿ ಹಾಕಬೇಕಿತ್ತು.

ನಿಮ್ಮ ಅಕೌಂಟ್ ಯಾರು ತೆರೆದದ್ದು ನೋಡಿಕೊಳ್ಳಿ. ಆ ಕೀ ಇದ್ದರೆ ಇವತ್ತೇ ಒಂದು ಹಾಳೆ ಪ್ರಿಂಟ್ ತೆಗೆದು ಬೀರುವಿನಲ್ಲಿಡಿ. ಲ್ಯಾಪ್‌ಟಾಪ್‌ನೊಳಗೇ ಸೇವ್ ಮಾಡಬೇಡಿ. ನಮ್ಮ ಕಚೇರಿಯಲ್ಲಿ ಒಬ್ಬರು ಹಾಗೇ ಮಾಡಿದ್ದರು.

ಪೆಂಗ್ವಿನ್ ಪ್ರೇಮಿ:

ಇದಕ್ಕೆಲ್ಲ ಒಂದೇ ಉತ್ತರ, ವಿಂಡೋಸ್ ಬದಲು ಲಿನಕ್ಸ್ ಹಾಕಿ. ಹೊಸ ಪತ್ರಿಕೆಗಳನ್ನಾದರೂ ಯೂನಿಕೋಡ್‌ನಲ್ಲಿ ಮಾಡಿ. ಪೇಜ್‌ಮೇಕರ್ ಥರದ್ದೇ ಸ್ಕ್ರೈಬಸ್ ಉಚಿತ, ಕನ್ನಡ ಒತ್ತಕ್ಷರ ಈಗ ಸರಿಯಾಗಿ ಕೂರುತ್ತದೆ. ಹಳೇ ಫೈಲಿನ ಮ್ಯಾಟರ್ ಬೇಕಾದರೆ ನುಡಿ ಫಾಂಟಿನ ಹಳೇ ಆಸ್ಕಿ ಸಂಕೇತದಿಂದ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳಿವೆ.

ಬಟರ್‌ಪೇಪರ್:

ಪೆಂಗ್ವಿನ್ ಅವರೇ, ಪರಿವರ್ತಕ ಒಂದನ್ನು ಹಿಂದೆ ನೋಡಿದ್ದೇನೆ. 'ಸುಮುಹೂರ್ತ' ಹೋಗಿ 'ಸುಮುಹೂತರ್' ಅಂತ ಬಂತು. ನುಡಿ ಫಾಂಟಿನಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂತಿರುತ್ತದೆ. ಯೂನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಅದು ತಪ್ಪಿದರೆ 'ಆಶೀರ್ವದಿಸಬೇಕಾಗಿ' ಕೂಡ ಕೆಡುತ್ತದೆ. ಈ ಎರಡು ಪದ ಇಲ್ಲದ ಲಗ್ನಪತ್ರಿಕೆ ಯಾವುದಿದೆ ಹೇಳಿ! ಈಗ ಸುಧಾರಿಸಿದ್ದರೆ ಸಂತೋಷ. ಬಿಡುವಿದ್ದಾಗ ನೋಡುತ್ತೇನೆ.

ಮೇಷ್ಟ್ರೇ, ಆಯಿತು! ಆದರೆ ಒಂದೇ ಸಲಕ್ಕೆ ಆಗಲಿಲ್ಲ. ಸಿ ಡ್ರೈವ್‌ನಲ್ಲಿ ಪಿಎಂ7 ಫೋಲ್ಡರ್‌ಗೆ ಹಾಕಿದೆ. ಫೈಲ್ ಎರರ್ ಹೋಯಿತು, ಕನ್ನಡ ಮಾತ್ರ ಬರಲಿಲ್ಲ. ವಿಡಿಯೋದವನು ಹೇಳಿದ ಹಾಗೆ ಇಲ್ಲೂ ಟಿಕ್ ಹಾಕಿಬಿಟ್ಟಿದ್ದೆ, ಕೈ ಅಭ್ಯಾಸ. ತೆಗೆದರೂ ಬರಲಿಲ್ಲ. ಆಮೇಲೆ ನೋಡಿದರೆ ಅದೇ ಕಿಟಕಿಯ ಕೆಳಗೆ 'ಎಲ್ಲ ಬಳಕೆದಾರರಿಗೆ ಬದಲಾಯಿಸಿ' ಅಂತ ಇನ್ನೊಂದು ಬಟನ್ ಇದೆ. ಅದರೊಳಗೂ ಒಂದು ಟಿಕ್ ಬಿದ್ದಿತ್ತು. ಅದನ್ನೂ ತೆಗೆದು, ಸ್ಲೈಡರ್ ಮೇಲಕ್ಕೆ ತಂದು, ರೀಸ್ಟಾರ್ಟ್ ಮಾಡಿದೆ. ನುಡಿ 01 ಇ ಫಾಂಟ್ ಇಟ್ಟು ಹೊಡೆದೆ. ಅರ್ಕಾವತ್ತಿನ ಸಮೇತ ಬಂತು. ಅಂಗಡಿಯಲ್ಲಿ ಒಬ್ಬನೇ ನಗುತ್ತಾ ಕೂತಿದ್ದೆ. ಜೆರಾಕ್ಸ್‌ಗೆ ಬಂದ ಹುಡುಗ ವಿಚಿತ್ರವಾಗಿ ನೋಡಿದ.

ಆಂಟಿವೈರಸ್ ಆನ್ ಇದೆ. ಫೈಲುಗಳ ಕಾಪಿ ಎಲ್ಲಿದೆ ಅಂದಿರಲ್ಲ, ನಿಜ ಹೇಳುತ್ತೇನೆ, ಎಲ್ಲೂ ಇರಲಿಲ್ಲ. ನಿನ್ನೆ ಒಂದು ಟಿಬಿಯ ಹಾರ್ಡ್ ಡಿಸ್ಕ್ ತಂದೆ. ಮನೆಯಲ್ಲಿಟ್ಟಿದ್ದೇನೆ.

ಅಕ್ಕಾ, ನಿಮ್ಮ ಮಾತು ಓದಿ ಎದೆ ಧಸಕ್ಕೆಂದಿತು. ನೋಡಿದರೆ ನನ್ನ ಅಕೌಂಟ್ ಅಂಗಡಿ ಹುಡುಗನದಲ್ಲ, ಅಳಿಯನದು. ರಿಕವರಿ ಕೀ ತರಿಸಿಕೊಂಡು ಬಟರ್ ಪೇಪರ್ ಮೇಲೇ ಪ್ರಿಂಟ್ ತೆಗೆದೆ. ಮೊದಲ ಹಾಳೆ ಸಿಕ್ಕಿದ್ದು ಅದೇ.

ಆ ಪ್ರಿಂಟ್ ತೆಗೆದದ್ದು ಹಳೇ ಮೆಷಿನ್‌ನಿಂದ. ಪ್ರಿಂಟರ್ ಇನ್ನೂ ಅದಕ್ಕೇ ಅಂಟಿಕೊಂಡಿದೆ. ಆ ಪ್ರಿಂಟರ್‌ಗೆ 64 ಬಿಟ್ ಡ್ರೈವರ್ ಸಿಗುತ್ತಿಲ್ಲ, ವಿಂಡೋಸ್ 11ರಲ್ಲಿ 32 ಬಿಟ್ ಅನ್ನುವುದೇ ಇಲ್ಲ. ಹೊಸದರಲ್ಲಿ ಪಿಡಿಎಫ್ ಮಾಡಿ, ಪೆನ್‌ಡ್ರೈವ್‌ನಲ್ಲಿ ಒಯ್ದು ಹೊಡೆಯುತ್ತಿದ್ದೇನೆ. ಮೇಷ್ಟ್ರ ಮಾತು ಕೇಳಿದ ಮೇಲೆ ಹಳೇ ಮೆಷಿನ್‌ನ ನೆಟ್ ವೈರ್ ಕಿತ್ತಿದ್ದೇನೆ. ಮಾಘ ಮಾಸದ ಮದುವೆಗಳು ಮುಗಿಯಲಿ, ಪ್ರಿಂಟರ್‌ಗೆ ಬೇರೆ ಪ್ರಶ್ನೆ ಹಾಕುತ್ತೇನೆ. ಈಗ ಹುಡುಗಿ ಕಡೆಯವರು ಪ್ರೂಫ್ ನೋಡುತ್ತಾ ಎದುರಿಗೇ ಕೂತಿದ್ದಾರೆ. ಸುಮುಹೂರ್ತ 10.20 ಅಲ್ಲವಂತೆ, 10.45 ಅಂತೆ.