80 ಪರ್ಸೆಂಟ್ ಬಾಯ್ಲರ್ ಸಾಕಾ, 95ರದ್ದೇ ಬೇಕಾ?

ಪ್ರಶ್ನೆ:
ನಮ್ಮದು ಮೂರು ಮಹಡಿಯ ಆಫೀಸ್ ಕಟ್ಟಡ. ಕೋಣೆಗಳನ್ನು ಬೆಚ್ಚಗಿಡುವ ಹಳೇ ಗ್ಯಾಸ್ ಬಾಯ್ಲರ್ ತೆಗೆದು ಹೊಸದು ಹಾಕಿಸಬೇಕು. ಒಬ್ಬರು 80 ಪರ್ಸೆಂಟ್ ದಕ್ಷತೆಯ ಮಾಮೂಲಿ ಬಾಯ್ಲರ್‌ಗೆ ಕೊಟೇಶನ್ ಕೊಟ್ಟಿದ್ದಾರೆ, ಇನ್ನೊಬ್ಬರು 95ರ ಕಂಡೆನ್ಸಿಂಗ್ ಬಾಯ್ಲರ್‌ಗೆ. ಅದು ತುಂಬಾ ದುಬಾರಿ. ಮೂರನೆಯವರು 107 ಅಂತ ಬರೆದಿದ್ದಾರೆ! ಹಾಕಿದ ಗ್ಯಾಸಿಗಿಂತ ಜಾಸ್ತಿ ಶಾಖ ಹೇಗೆ ಬರುತ್ತದೆ? ಇವನ್ನೆಲ್ಲ ಹೋಲಿಸುವುದು ಹೇಗೆ, ಗೊತ್ತಿದ್ದವರು ಹೇಳಿ.

ಉತ್ತರ 1:
107 ಸುಳ್ಳಲ್ಲ, ಲೆಕ್ಕ ಹಾಕುವ ರೀತಿ ಬೇರೆ ಅಷ್ಟೇ. ಗ್ಯಾಸ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ, ಅದರಲ್ಲೂ ಶಾಖ ಇರುತ್ತದೆ. ಒಂದು ಲೆಕ್ಕದಲ್ಲಿ ಆ ಶಾಖವನ್ನು ಗ್ಯಾಸಿನ ಖಾತೆಗೆ ಸೇರಿಸುವುದೇ ಇಲ್ಲ, ಆದರೆ ಕಂಡೆನ್ಸಿಂಗ್ ಬಾಯ್ಲರ್ ಆವಿಯನ್ನು ನೀರು ಮಾಡಿ ಅದನ್ನೂ ಹಿಡಿದುಕೊಳ್ಳುತ್ತದೆ, ಹಾಗಾಗಿ ನೂರು ದಾಟುತ್ತದೆ. ನ್ಯಾಚುರಲ್ ಗ್ಯಾಸ್‌ಗೆ ಎರಡು ಲೆಕ್ಕಗಳ ನಡುವೆ ಸುಮಾರು 11 ಪರ್ಸೆಂಟ್ ವ್ಯತ್ಯಾಸ. ಅಂದರೆ ಆ 107, ಆವಿಯ ಶಾಖವನ್ನೂ ಸೇರಿಸುವ ಇನ್ನೊಂದು ಲೆಕ್ಕದಲ್ಲಿ 96 ಆಗುತ್ತದೆ. ಮೂವರ ಹತ್ತಿರವೂ ಒಂದೇ ಲೆಕ್ಕದಲ್ಲಿ ಬರೆಸಿಕೊಳ್ಳಿ.

ಇನ್ನು ಖರ್ಚು. ಕಟ್ಟಡಕ್ಕೆ 1000 ಯೂನಿಟ್ ಶಾಖ ಬೇಕು ಅಂದುಕೊಳ್ಳಿ. 80ರದ್ದು 1250 ಯೂನಿಟ್ ಗ್ಯಾಸ್ ತಿನ್ನುತ್ತದೆ, 95ರದ್ದು ಸುಮಾರು 1053. ಗ್ಯಾಸ್ ಬಿಲ್‌ನಲ್ಲಿ ಹತ್ತಿರ ಹತ್ತಿರ 16 ಪರ್ಸೆಂಟ್ ಉಳಿಯುತ್ತದೆ. ನಿಮ್ಮ ವರ್ಷದ ಬಿಲ್‌ಗೆ ಇದನ್ನು ಹಾಕಿ ನೋಡಿ, ಜಾಸ್ತಿ ಕೊಟ್ಟ ದುಡ್ಡು ಎಷ್ಟು ವರ್ಷದಲ್ಲಿ ವಾಪಸ್ ಬರುತ್ತದೆ ಅಂತ ತಿಳಿಯುತ್ತದೆ.

ಉತ್ತರ 2:
ಲೆಕ್ಕ ಸರಿ, ಆದರೆ ಆ 95 ಸುಮ್ನೆ ಬರುವುದಿಲ್ಲ. ಕೋಣೆಗಳಿಗೆ ಶಾಖ ಕೊಡುವ ರೇಡಿಯೇಟರ್‌ಗಳನ್ನು ಸುತ್ತಿ ಬಾಯ್ಲರ್‌ಗೆ ವಾಪಸ್ ಬರುವ ನೀರು ಸುಮಾರು 55 ಡಿಗ್ರಿಗಿಂತ ತಣ್ಣಗಿದ್ದರೆ ಮಾತ್ರ ಆವಿ ನೀರಾಗುತ್ತದೆ. 65, 70ರಲ್ಲಿ ವಾಪಸ್ ಬಂದರೆ ದುಬಾರಿ ಬಾಯ್ಲರ್ ಕೊಂಡೂ ಅದು 90ರ ಒಳಗೇ ಉಳಿಯುತ್ತದೆ. ನಿಮ್ಮಲ್ಲಿ ಈಗ ಎಷ್ಟಿದೆ?

ಕೇಳಿದವರು:
ಈಗಷ್ಟೇ ನೋಡಿದೆ. ಹೋಗುವುದು 80, ವಾಪಸ್ 65.

ಉತ್ತರ 2:
ಹಾಗಾದರೆ ಹೊಸದನ್ನು ಕೊಳ್ಳುವ ಮೊದಲೇ ಒಂದು ಪರೀಕ್ಷೆ ಮಾಡಿ. ಚಳಿ ತೀರಾ ಇಲ್ಲದ ದಿನಗಳಲ್ಲಿ ಹೋಗುವ ನೀರನ್ನು 65ಕ್ಕೆ ಇಳಿಸಿ (ಆಗ ವಾಪಸ್ ಬರುವುದೂ 55ರ ಆಸುಪಾಸಿಗೆ ಇಳಿಯುತ್ತದೆ), ಕೋಣೆಗಳು ಬೆಚ್ಚಗೇ ಇರುತ್ತವಾ ನೋಡಿ. ಅದಕ್ಕಿಂತ ಕೆಳಗೆ ಮಾತ್ರ ಇಳಿಸಬೇಡಿ, ತುಂಬಾ ದಿನ ಹಾಗೇ ಬಿಡಲೂ ಬೇಡಿ, ಹಳೇ ಬಾಯ್ಲರ್‌ನೊಳಗೆ ಆವಿ ನೀರಾದರೆ ತುಕ್ಕು ಹಿಡಿಯುತ್ತದೆ, ಆ ನೀರು ಹುಳಿ. 65ಕ್ಕೇ ಬೆಚ್ಚಗಿದ್ದರೆ 95ರದ್ದು ತೆಗೆದುಕೊಳ್ಳಿ, ಕಣ್ಣು ಮುಚ್ಚಿ. ಇಲ್ಲದಿದ್ದರೆ ದೊಡ್ಡ ರೇಡಿಯೇಟರ್‌ಗಳ ಖರ್ಚನ್ನೂ ಲೆಕ್ಕಕ್ಕೆ ಸೇರಿಸಬೇಕಾಗುತ್ತದೆ. ಹುಳಿ ನೀರು ಹೊರಹೋಗಲು ಪೈಪ್, ಹೊಸ ಹೊಗೆ ಕೊಳವೆ ಎರಡೂ ಕೊಟೇಶನ್‌ನಲ್ಲಿ ಇವೆಯಾ ಕೇಳಿ, ಆಮೇಲೆ ಜಗಳ ಬೇಡ.

ಉತ್ತರ 3:
ಇನ್ನೊಂದು ವಿಷಯ, ಇದನ್ನು ಯಾರೂ ಕೇಳುವುದಿಲ್ಲ. ಹಳೇ ಬಾಯ್ಲರ್‌ನ ಸೈಜನ್ನೇ ನೋಡಿ ಅಷ್ಟೇ ದೊಡ್ಡದು ಹಾಕಿಸಬೇಡಿ. ಹಿಂದೆ ಅಳೆಯದೆ ದೊಡ್ಡದನ್ನೇ ಹಾಕಿರುವುದು ಜಾಸ್ತಿ. ಬೇಕಾದ್ದಕ್ಕಿಂತ ದೊಡ್ಡದಾದರೆ ಅದು ಹತ್ತಿ ಆರಿ ಹತ್ತಿ ಆರಿ ಗ್ಯಾಸ್ ಹಾಳು ಮಾಡುತ್ತದೆ, ಬೇಗ ಸವೆಯುತ್ತದೆ ಕೂಡ. ಗೋಡೆ, ಕಿಟಕಿ, ಚಾವಣಿಯಿಂದ ಎಷ್ಟು ಶಾಖ ಸೋರುತ್ತದೆ ಅಂತ ಲೆಕ್ಕ ಮಾಡಿಸಿ. ಚಾವಣಿಗೆ ಇನ್ಸುಲೇಶನ್ ಹಾಕಿಸುವುದಿದ್ದರೆ ಅದು ಮೊದಲು, ಬಾಯ್ಲರ್ ಆಮೇಲೆ. ಆಗ ಚಿಕ್ಕ ಬಾಯ್ಲರ್ ಸಾಕಾಗಬಹುದು, ನೀರನ್ನೂ ಅಷ್ಟು ಬಿಸಿ ಮಾಡಬೇಕಿಲ್ಲ.

ಕೇಳಿದವರು:
ಚಾವಣಿಗೆ ಏನೂ ಹಾಕಿಲ್ಲ. ಮೂರೂ ಕೊಟೇಶನ್ ಸದ್ಯಕ್ಕೆ ಪಕ್ಕಕ್ಕಿಟ್ಟಿದ್ದೇನೆ. ನಾಳೆಯಿಂದಲೇ 65ಕ್ಕೆ ಇಳಿಸಿ ಒಂದು ವಾರ ನೋಡಿ ಬರೆಯುತ್ತೇನೆ.