ಹೆಗಡೆಯವರ ಜೀಪು ಮತ್ತು ಅಮೆರಿಕದ ಯುದ್ಧನೌಕೆ

ಹೆಗಡೆಯವರ ಪ್ರಕಾರ ಅಮೆರಿಕದವರಿಗೆ ವ್ಯವಹಾರವೇ ಗೊತ್ತಿಲ್ಲ. ಒಂದಲ್ಲ ಎರಡಲ್ಲ, ನಾಲ್ಕು ಭಾರೀ ಯುದ್ಧನೌಕೆಗಳನ್ನು ದಡಕ್ಕೆ ಕಟ್ಟಿಹಾಕಿ, ಟಿಕೆಟ್ ಹರಿದು ಜನರಿಗೆ ತೋರಿಸುತ್ತಾ ಕೂತಿದ್ದಾರೆ. ಐಯೋವಾ, ನ್ಯೂಜೆರ್ಸಿ, ಮಿಸ್ಸೂರಿ, ವಿಸ್ಕಾನ್ಸಿನ್. ಒಂದೊಂದರ ಮೇಲೂ ಒಂಬತ್ತು ದೊಡ್ಡ ತೋಪು. ಒಂದೊಂದು ತೋಪಿನ ಬಾಯಿ 16 ಇಂಚು.

"ಎಲ್ಲ ಇದೆಯಲ್ಲ ಮಾರಾಯ್ರೆ! ಎಣ್ಣೆ ಹಾಕುವುದು, ಸ್ಟಾರ್ಟ್ ಮಾಡುವುದು, ಹೊರಡುವುದು. ಅದರಲ್ಲಿ ಎಂತ ಕಷ್ಟ?"

ಈ ಮಾತಾಡಲು ಹೆಗಡೆಯವರಿಗೆ ಅಧಿಕಾರ ಇಲ್ಲ ಎನ್ನುವ ಹಾಗಿಲ್ಲ. ಅವರ ಕೊಟ್ಟಿಗೆಯ ಪಕ್ಕದ ಮಾಡಿನಲ್ಲಿ ಒಂದು ಹಳೇ ಜೀಪು ನಿಂತಿದೆ. ಅದರ ಬಾನೆಟ್ ಮೇಲೆ ಅಡಿಕೆ ಹಾಳೆ ಪೇರಿಸಿಟ್ಟಿದ್ದಾರೆ. ಹಿಂದಿನ ಸೀಟಿನಲ್ಲಿ ಬೆಕ್ಕು ಮರಿ ಹಾಕಿದೆ. ಆದರೂ ಪ್ರತಿ ಸಲ ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಅವರು ಹೇಳುವುದು ಒಂದೇ ಮಾತು, "ಒಂದು ಬ್ಯಾಟರಿ ಹಾಕಿದರೆ ಸೀದಾ ಸಾಗರ ಪೇಟೆಗೆ ಬಿಡುತ್ತೇನೆ."

ರಾಯರು ಕವಳದ ತಟ್ಟೆ ಹತ್ತಿರ ಎಳೆದುಕೊಂಡರು. ನೌಕಾಪಡೆಯ ಎಂಜಿನ್ ಕೋಣೆಯಲ್ಲಿ ದುಡಿದು ಬಂದ ಮನುಷ್ಯ. ನೀರಿನ ಮೇಲೆ ತೇಲುವ ಯಾವ ವಸ್ತುವಿನ ಬಗ್ಗೆಯೂ ಅವರ ಎದುರು ಸುಮ್ನೆ ಮಾತಾಡುವಂತಿಲ್ಲ.

"ನೀವು ಹೇಳಿದ್ದು ಅರ್ಧ ಸರಿ ಹೆಗಡೆಯವರೇ. ಅವರು ಹಾಗೆ ಎಬ್ಬಿಸಿದ್ದಾರೆ. ನ್ಯೂಜೆರ್ಸಿ ಸೇವೆಗೆ ಸೇರಿದ್ದು 1943ರಲ್ಲಿ. 1948ರಲ್ಲಿ ಮಲಗಿಸಿದರು. ಕೊರಿಯಾ ಯುದ್ಧ ಬಂತು, 1950ರಲ್ಲಿ ಎಬ್ಬಿಸಿದರು. 1957ರಲ್ಲಿ ಮತ್ತೆ ಮಲಗಿಸಿದರು. ವಿಯೆಟ್ನಾಮಿಗೆ ಬೇಕು ಅಂತ 1968ರಲ್ಲಿ ಎಬ್ಬಿಸಿದರು, ಮರುವರ್ಷವೇ ಮಲಗಿಸಿದರು. 1982ರಲ್ಲಿ ಇನ್ನೊಂದು ಸಲ. ಕೊನೆಗೆ 1991ರಲ್ಲಿ ಬಿಟ್ಟರು."

ಗೌಡರು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು. ಅವರಿಗೆ ಎಲ್ಲದರಲ್ಲೂ ಒಂದು ಕಾಲಂ ಕಾಣುತ್ತದೆ. "ನಾಲ್ಕು ಸಲ ಕೆಲಸಕ್ಕೆ ಸೇರಿ ನಾಲ್ಕು ಸಲ ರಿಟೈರ್ ಆಗಿದೆ. ಪೆನ್ಷನ್ ಯಾವ ಲೆಕ್ಕದಲ್ಲಿ ಕೊಟ್ಟರು?"

"ಮಲಗಿಸುವುದು ಅಂದರೆ ಬೀಗ ಹಾಕಿ ಬರುವುದಲ್ಲ" ಎಂದರು ರಾಯರು. "ಎಲ್ಲ ಸಂದು ಮುಚ್ಚಬೇಕು. ಒಳಗಿನ ಗಾಳಿಯ ತೇವ ಹೀರುವ ಯಂತ್ರ ಹಗಲೂ ರಾತ್ರಿ ಓಡುತ್ತಲೇ ಇರಬೇಕು. ಇಲ್ಲದಿದ್ದರೆ ತುಕ್ಕು ತಿಂದು ಹಾಕುತ್ತದೆ."

"ಆ ಯಂತ್ರ ಒಂದು ತಂದು ಆಗುಂಬೆಯಲ್ಲಿಟ್ಟರೆ?"

"ಮೊದಲನೇ ಆಷಾಢದಲ್ಲೇ ರಾಜೀನಾಮೆ ಬರೆದು ಕೊಡುತ್ತದೆ."

ಹೆಗಡೆಯವರ ಅಕ್ಕನ ಮಗ ಅಷ್ಟರಲ್ಲಿ ಮೊಬೈಲ್ ತೆಗೆದಿದ್ದ. ಅವನನ್ನು ನಾವೆಲ್ಲ ಮಾಣಿ ಎಂದೇ ಕರೆಯುವುದು. ಮೂವತ್ತು ದಾಟಿದರೂ ಮಾಣಿಯೇ. 1982ರಲ್ಲಿ ಯಾಕೆ ಎಬ್ಬಿಸಿದರು ಎಂದು ಅವನೇ ಓದಿ ಹೇಳಿದ. ರೇಗನ್ ಅಧ್ಯಕ್ಷರಾಗಿದ್ದ ಕಾಲ. ನೌಕಾಪಡೆಯಲ್ಲಿ 600 ಹಡಗು ಇರಬೇಕು ಎಂಬ ಹಟ. ಹೊಸದು ಕಟ್ಟಲು ವರ್ಷಗಟ್ಟಲೆ ಬೇಕು. ಹಾಗಾಗಿ ನಾಲ್ಕೂ ಹಳೇ ನೌಕೆಗಳನ್ನು ಒಂದೊಂದಾಗಿ ಎಬ್ಬಿಸಿ, ಒಂದೊಂದಕ್ಕೂ 32 ಟೊಮಾಹಾಕ್ ಕ್ಷಿಪಣಿ, 16 ಹಾರ್ಪೂನ್ ಕ್ಷಿಪಣಿ, ಎದುರು ಬರುವ ಕ್ಷಿಪಣಿಯನ್ನು ಹೊಡೆಯಲು ನಾಲ್ಕು ಫೇಲಾಂಕ್ಸ್ ಬಂದೂಕು ಕೂರಿಸಿದರು. ಕೊನೆಯ ವಿಸ್ಕಾನ್ಸಿನ್ ಎದ್ದದ್ದು 1988ರಲ್ಲಿ. ಮಿಸ್ಸೂರಿ ಮತ್ತು ವಿಸ್ಕಾನ್ಸಿನ್ ಎರಡೂ 1991ರ ಕೊಲ್ಲಿ ಯುದ್ಧಕ್ಕೂ ಹೋಗಿ ಬಂದವು.

"ಮಾವ, ನಿಮ್ಮ ಜೀಪಿಗೆ ಹಿಂದೆ ನೋಡುವ ಕ್ಯಾಮೆರಾ ಕೂರಿಸಿದ ಹಾಗೆ."

"ಕೂರಿಸಬಹುದಲ್ಲ!" ಎಂದರು ಹೆಗಡೆಯವರು. ಅವರಿಗೆ ಕುಟುಕು ತಾಗುವುದೇ ಇಲ್ಲ. ಅದೊಂದು ವರ.

ರಾಯರಿಗೆ ಮಾತ್ರ ಕ್ಷಿಪಣಿಯ ಮೇಲೆ ಗಮನವೇ ಇರಲಿಲ್ಲ. "ಕಬ್ಬಿಣ ಉಳಿಯುತ್ತದೆ ಹೆಗಡೆಯವರೇ. ಕೈ ಉಳಿಯುವುದಿಲ್ಲ. ಆ ನೌಕೆಗೆ ಎಂಟು ಬಾಯ್ಲರ್. 2,12,000 ಅಶ್ವಶಕ್ತಿ. ಸಾವಿರದ ಐನೂರು ಜನ ಬೇಕು ನಡೆಸಲಿಕ್ಕೆ. ಅದರಲ್ಲಿ ಉಗಿಯ ಕೆಲಸ ಬಲ್ಲವರು ಈಗ ಎಲ್ಲಿದ್ದಾರೆ? ಬಹಳ ಕಾಯಿಸಿದ ಉಗಿ ಸೋರಿದರೆ ಕಣ್ಣಿಗೆ ಕಾಣುವುದಿಲ್ಲ, ಗೊತ್ತುಂಟಾ? ಬೆಳ್ಳಗೆ ಹೊಗೆ ಬರುತ್ತದೆ ಅಂದುಕೊಂಡವನು ಸತ್ತ. ಪೊರಕೆ ಕೋಲನ್ನು ಮುಂದೆ ಚಾಚಿಕೊಂಡು ಮೆಲ್ಲಗೆ ನಡೆಯಬೇಕು. ಕೋಲು ಎಲ್ಲಿ ತುಂಡಾಯಿತೋ ಅಲ್ಲಿ ಸೋರಿಕೆ. ಎಂಜಿನ್ ಕೋಣೆಯ ಹಳಬರು ಹೇಳಿಕೊಡುತ್ತಿದ್ದ ಪಾಠ ಇದು."

ಮಾಣಿ ಮೊಬೈಲ್ ಕೆಳಗಿಟ್ಟ. ಗೌಡರು ಅಂಗಳದ ಪೊರಕೆಯನ್ನು ಹೊಸ ಗೌರವದಿಂದ ನೋಡಿದರು.

"ಮದ್ದೂ ಹಾಗೆಯೇ" ಎಂದು ರಾಯರು ಸ್ವಲ್ಪ ತಡೆದು ಹೇಳಿದರು. ತೋಪಿಗೆ ತುಂಬುವ ಮದ್ದಿನ ಚೀಲಗಳು ದಶಕಗಳ ಹಿಂದಿನವು. ಒಂದು ಗುಂಡಿಗೆ ಆರು ಚೀಲ, ಒಂದೊಂದೂ 50 ಕಿಲೋ. ರಕ್ಷಾಕವಚ ಸೀಳುವ ಗುಂಡು 1,200 ಕಿಲೋಗಿಂತ ಜಾಸ್ತಿ ತೂಗುತ್ತದೆ, 38 ಕಿಲೋಮೀಟರ್ ಹಾರುತ್ತದೆ. 1989ರ ಏಪ್ರಿಲ್ 19ರಂದು ಐಯೋವಾದ ಎರಡನೇ ತೋಪುಗೂಡಿನಲ್ಲಿ ತುಂಬುವಾಗಲೇ ಮದ್ದು ಸಿಡಿಯಿತು. 47 ನಾವಿಕರು ಸತ್ತರು. ಮೊದಲ ತನಿಖೆ ಸತ್ತ ನಾವಿಕನೊಬ್ಬನ ಮೇಲೇ ತಪ್ಪು ಹೊರಿಸಿತು. ಆಮೇಲೆ ಅದಕ್ಕೆ ಆಧಾರವಿಲ್ಲ ಎಂದು ನೌಕಾಪಡೆ ಅವನ ಮನೆಯವರ ಕ್ಷಮೆ ಕೇಳಿತು.

ಯಾರೂ ಏನೂ ಹೇಳಲಿಲ್ಲ. ಹೆಗಡೆಯವರು ಎಲೆಗೆ ಸುಣ್ಣ ಸವರಿ ರಾಯರಿಗೆ ಕೊಟ್ಟರು. ಹೀಗೆ ಸುಮ್ಮನಾದರೆ ನಮ್ಮ ಜಗಲಿಗೆ ಆಗಿಬರುವುದಿಲ್ಲ. ಹಾಗಾಗಿ ನಾನೇ ಕೇಳಿದೆ, ಐಯೋವಾದ ಮೇಲೆ ಬಾತ್‌ಟಬ್ ಇತ್ತಂತೆ ಹೌದಾ?

ಹೌದು. ಅಧ್ಯಕ್ಷ ರೂಸ್‌ವೆಲ್ಟ್ 1943ರಲ್ಲಿ ಟೆಹರಾನ್ ಸಭೆಗೆಂದು ಈ ನೌಕೆಯಲ್ಲೇ ಅಟ್ಲಾಂಟಿಕ್ ದಾಟಿದ್ದು. ಪೋಲಿಯೋದಿಂದ ಅವರ ಕಾಲಿಗೆ ಬಲವಿರಲಿಲ್ಲ. ಅದಕ್ಕೆಂದೇ ಟಬ್ ಕೂರಿಸಿದರು.

"ಹಂಡೆ ಇರಲಿಲ್ಲವಾ?" ಎಂದು ಹೆಗಡೆಯವರು ನಿಜವಾದ ಕಾಳಜಿಯಿಂದ ಕೇಳಿದರು. "ಎಂಟು ಬಾಯ್ಲರ್ ಇಟ್ಟುಕೊಂಡು ಬಿಸಿನೀರಿಗೇನು ಬರ?"

"ನೀರಿನದಲ್ಲ, ಬೇರೆಯದೇ ಭಯ" ಎಂದರು ರಾಯರು. "ದಾರಿಯಲ್ಲಿ ಬೆಂಗಾವಲಿಗೆ ಬಂದ ಹಡಗೊಂದು ಅಭ್ಯಾಸ ಮಾಡುತ್ತಿತ್ತು. ವಿಲಿಯಂ ಡಿ. ಪೋರ್ಟರ್ ಅಂತ ಹೆಸರು. ಗುರಿ ಹಿಡಿದದ್ದು ಅಧ್ಯಕ್ಷರ ನೌಕೆಗೇ. ಬರೀ ನಾಟಕ ಆಗಬೇಕಿತ್ತು. ಆದರೆ ನಿಜವಾದ ಟಾರ್ಪೆಡೋ ಹೊರಟೇ ಹೋಯಿತು!"

"ಅಯ್ಯೋ ದೇವರೇ. ಆಮೇಲೆ?"

"ಐಯೋವಾ ಪಕ್ಕಕ್ಕೆ ತಿರುಗಿತು. ಟಾರ್ಪೆಡೋ ಹಿಂದಿನ ನೀರಲ್ಲಿ ಸಿಡಿಯಿತು. ಅಧ್ಯಕ್ಷರಿಗೆ ಏನೂ ಆಗಲಿಲ್ಲ."

ಗೌಡರು ತಲೆ ಆಡಿಸಿದರು. "ನೋಡಿ, ಮದುವೆ ದಿಬ್ಬಣದಲ್ಲಿ ಪಟಾಕಿಯನ್ನು ಮೈಮೇಲೆ ಎಚ್ಚರ ಇಲ್ಲದವರ ಕೈಗೆ ಕೊಡಬಾರದು ಅನ್ನುವುದು ಇದಕ್ಕೇ."

ಹೆಗಡೆಯವರಿಗೆ ಮೆಚ್ಚುಗೆಯಾದದ್ದು ಟೆಕ್ಸಸ್ ನೌಕೆಯ ಕಥೆ. 1914ರ ಹಡಗು. 1944ರಲ್ಲಿ ನಾರ್ಮಂಡಿಯ ತೀರದಲ್ಲಿ ಶತ್ರು ಒಳನಾಡಿಗೆ ಸರಿದ. ತೋಪು ಅಷ್ಟು ದೂರ ಮುಟ್ಟದು. ತೋಪನ್ನು ಇನ್ನೂ ಮೇಲೆತ್ತಲು ಆಗದು. ಅವರು ಏನು ಮಾಡಿದರು ಗೊತ್ತೇ? ಹಡಗಿನ ಒಂದು ಬದಿಗೆ ಬೇಕೆಂದೇ ನೀರು ತುಂಬಿಸಿದರು. ಹಡಗು ಆ ಕಡೆ ವಾಲಿತು. ಈ ಕಡೆ ತೋಪಿನ ಮೂತಿ ಮೇಲೆದ್ದಿತು. ಹೊಡೆದರು.

"ಇವರು ನಮ್ಮ ಜನ!" ಎಂದು ಹೆಗಡೆಯವರು ತೊಡೆ ತಟ್ಟಿದರು. ಯಾವ ಕಂಪನಿಯ ಪುಸ್ತಕದಲ್ಲೂ ಇಲ್ಲದ ಇಂಥ ರಿಪೇರಿ ಕಂಡರೆ ಮಲೆನಾಡಿನವರಿಗೆ ಜೀವ. ಅದೇ ಟೆಕ್ಸಸ್ ಮುಂದೆ ಮ್ಯೂಸಿಯಂ ಆಗಿ, ತಳ ತೂತಾಗಿ, ಸೋರುವ ನೀರನ್ನು ಪಂಪಿಟ್ಟು ಹೊರಗೆ ಹಾಕುತ್ತಾ ಕಾಲ ಕಳೆದು, 2022ರಲ್ಲಿ ರಿಪೇರಿಗೆ ಹೋಯಿತು ಎನ್ನುವ ಭಾಗ ಅವರ ಕಿವಿಗೆ ಬೀಳಲೇ ಇಲ್ಲ. ನ್ಯೂಜೆರ್ಸಿಯದೂ ಅದೇ. 2024ರಲ್ಲಿ ಅದನ್ನು ಫಿಲಡೆಲ್ಫಿಯಾದ ಒಣ ಹಡಗುಕಟ್ಟೆಗೆ ಒಯ್ದರು. ಎರಡು ಲಕ್ಷ ಅಶ್ವಶಕ್ತಿ ಇದ್ದೂ ಟಗ್ ದೋಣಿಗಳೇ ಎಳೆದುಕೊಂಡು ಹೋಗಬೇಕಾಯಿತು.

"ಮಾವನ ಜೀಪೂ ಕಳೆದ ಸಲ ಗ್ಯಾರೇಜಿಗೆ ಹೋದದ್ದು ಟ್ರ್ಯಾಕ್ಟರಿನ ಹಿಂದೆಯೇ" ಎಂದ ಮಾಣಿ.

ಮಾತು ಮರದ ಕಡೆಗೆ ತಿರುಗಿದ್ದು ಮಿಸ್ಸೂರಿಯಿಂದ. 1945ರ ಸೆಪ್ಟೆಂಬರ್ 2ರಂದು ಜಪಾನ್ ಶರಣಾಗತಿಗೆ ಸಹಿ ಹಾಕಿದ್ದು ಆ ನೌಕೆಯ ಮೇಲೆ. ಈಗ ಅದು ಪರ್ಲ್ ಹಾರ್ಬರಿನಲ್ಲಿದೆ. ಅಷ್ಟು ಉಕ್ಕಿನ ನೌಕೆಯ ಮೇಲ್ಮಾಳಿಗೆಗೆ ಹಾಸಿದ್ದು ಸಾಗುವಾನಿ ಹಲಗೆ.

"ಸಾಗುವಾನಿಯಾ? ಎಷ್ಟು ಸಿಎಫ್‌ಟಿ?" ಗೌಡರ ಪೆನ್ನು ಹೊರಗೆ ಬಂತು.

"ಅರಣ್ಯ ಇಲಾಖೆಯ ಪರ್ಮಿಟ್ ಇತ್ತೋ ಇಲ್ಲವೋ" ಎಂದರು ಹೆಗಡೆಯವರು.

ರಾಯರು ಅದಕ್ಕಿಂತ ದೊಡ್ಡದೊಂದನ್ನು ಎತ್ತಿದರು. 1817ರಲ್ಲಿ ಮುಂಬಯಿಯಲ್ಲಿ ಮಲಬಾರಿನ ಸಾಗುವಾನಿಯಿಂದ ಬ್ರಿಟಿಷರಿಗೆ ಕಟ್ಟಿಕೊಟ್ಟ ಟ್ರಿಂಕೋಮಲಿ ಎಂಬ ಯುದ್ಧನೌಕೆ ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ತೇಲುತ್ತಿದೆ. ಇನ್ನೂರು ವರ್ಷ ದಾಟಿದೆ. ಹೆಗಡೆಯವರು ತಮ್ಮ ಮನೆಯ ಕಂಬವನ್ನು ಒಮ್ಮೆ ತಟ್ಟಿ ನೋಡಿದರು. ಅದು ಹಲಸು. ಆದರೂ ಹೆಮ್ಮೆಗೇನೂ ಕಡಿಮೆಯಾಗಲಿಲ್ಲ.

"ಹಾಗಾದರೆ ನಾವು ಯಾಕೆ ಒಂದನ್ನೂ ಉಳಿಸಿಕೊಳ್ಳಲಿಲ್ಲ?" ಎಂದು ಗೌಡರು ಕೇಳಿದ್ದೇ ತಪ್ಪಾಯಿತು. ರಾಯರ ಮುಖ ಕೆಂಪಾಯಿತು. ವಿಶಾಖಪಟ್ಟಣದ ದಡದಲ್ಲಿ ಕುರ್ಸುರಾ ಜಲಾಂತರ್ಗಾಮಿ ಇದೆ, ನಮ್ಮ ಕಾರವಾರದ ಟಾಗೋರ್ ಕಡಲತೀರದಲ್ಲಿ ಚಪಲ ಎಂಬ ಕ್ಷಿಪಣಿ ದೋಣಿ ಇದೆ, ಹೋಗಿ ನೋಡಿದ್ದೀರಾ ಎಂದು ಗದರಿದರು. ನಾವು ಯಾರೂ ನೋಡಿರಲಿಲ್ಲ. ಕಾರವಾರಕ್ಕೆ ಹೋದಾಗಲೆಲ್ಲ ಮೀನೂಟದ ಹೊತ್ತಾಗಿರುತ್ತದೆ. ಹೆಗಡೆಯವರಂತೂ ಆ ಹೊತ್ತಿಗೆ ಊರು ಬಿಟ್ಟಿರುತ್ತಾರೆ.

"ಹಳೇ ವಿಕ್ರಾಂತ್ ಇತ್ತು" ಎಂದು ಮುಂದುವರಿಸಿದರು. ಅದು ವಿಮಾನವಾಹಕ, ತೋಪಿನ ನೌಕೆ ಅಲ್ಲ. 1961ರಲ್ಲಿ ನಮ್ಮ ನೌಕಾಪಡೆ ಸೇರಿತು. 1971ರ ಯುದ್ಧದಲ್ಲಿ ಒಂದು ಬಾಯ್ಲರಿನಲ್ಲಿ ಬಿರುಕಿತ್ತು. ಉಳಿದ ಮೂರನ್ನೇ ನಂಬಿ ಬಂಗಾಳ ಕೊಲ್ಲಿಗೆ ಹೋಗಿ, ಅದರ ವಿಮಾನಗಳು ಚಿತ್ತಗಾಂಗ್, ಕಾಕ್ಸ್ ಬಜಾರಿನ ಮೇಲೆ ದಾಳಿ ಮಾಡಿದವು. 1997ರಲ್ಲಿ ನಿವೃತ್ತಿ. ಮುಂಬಯಿಯಲ್ಲಿ ಕೆಲವು ವರ್ಷ ಮ್ಯೂಸಿಯಂ ಆಗಿತ್ತು. ಸುರಕ್ಷಿತವಲ್ಲ ಎಂದು 2012ರಲ್ಲಿ ಮುಚ್ಚಿದರು. 2014ರಲ್ಲಿ ಸುಮಾರು 60 ಕೋಟಿಗೆ ಗುಜರಿಗೆ ಹೋಯಿತು.

"ಗುಜರಿಯವನಿಗೆ ಹೋಗಿ, ಅಲ್ಲಿಂದ ನನ್ನ ಹತ್ತಿರ ಬಂತು" ಎಂದ ಮಾಣಿ.

ಅದು ಸುಳ್ಳಲ್ಲ. ವಿಕ್ರಾಂತಿನ ಲೋಹವನ್ನು ಸೇರಿಸಿ ಬಜಾಜ್ ಕಂಪನಿ 2016ರಲ್ಲಿ ವಿ15 ಎಂಬ ಬೈಕ್ ತಂದಿತ್ತು. ಮಾಣಿ ಅದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದಾನೆ. ದಿನಾ ಹಾಲಿನ ಕ್ಯಾನ್ ಕಟ್ಟಿಕೊಂಡು ಡೇರಿಗೆ ಹೋಗುವುದು ಅದರಲ್ಲೇ. ಇಡೀ ತಾಲ್ಲೂಕಿನಲ್ಲಿ ವಿಮಾನವಾಹಕ ನೌಕೆಯ ಮೇಲೆ ಹಾಲು ಹಾಕುವವನು ಇವನೊಬ್ಬನೇ ಇರಬೇಕು. ರಾಯರಿಗೆ ಇದು ಗೊತ್ತಿರಲಿಲ್ಲ. ಮಳೆಯಲ್ಲೇ ಎದ್ದು ಅಂಗಳಕ್ಕೆ ಹೋಗಿ, ಟ್ಯಾಂಕಿನ ಮೇಲಿದ್ದ ಗೋಣಿಚೀಲ ಎತ್ತಿ ಬಿಸಾಡಿ ಬಂದರು. ನಾಳೆಯಿಂದ ಹತ್ತುವ ಮೊದಲು ಚಪ್ಪಲಿ ಬಿಡಬೇಕು ಎಂದು ಮಾಣಿಗೆ ಆಜ್ಞೆಯಾಯಿತು.

"ಗೇರ್ ಹಾಕುವುದು ಹೇಗೆ?"

"ಅದು ನಿನ್ನ ಕಷ್ಟ."

ಹೆಗಡೆಯವರ ತಲೆಯಲ್ಲಿ ಆಗಲೇ ದೊಡ್ಡ ಯೋಜನೆ ಕೂತಿತ್ತು. ಐಯೋವಾವನ್ನು ಕೊಂಡು ಲಿಂಗನಮಕ್ಕಿಗೆ ಬಿಡುವುದು. 1,819 ಅಡಿ ತುಂಬಿದರೆ ನೀರಿಗೇನು ಕಡಿಮೆ? ಪ್ರವಾಸಿಗರು ಜೋಗ ನೋಡಿ ಇತ್ತ ಬರುತ್ತಾರೆ. ಮಾಣಿ ಉದ್ದ ಓದಿದ. 887 ಅಡಿ.

"ಮಾವ, ಜೋಗ 830 ಅಡಿ. ಇದನ್ನು ಗುಂಡಿಯಲ್ಲಿ ನೆಟ್ಟಗೆ ನಿಲ್ಲಿಸಿದರೆ 57 ಅಡಿ ಮೇಲೆ ಕಾಣುತ್ತದೆ."

"ಗೇರುಸೊಪ್ಪೆ ಘಾಟಿ ಹತ್ತಿಸುವುದು ಹೇಗೆ?" ಎಂದರು ಗೌಡರು. "ಆ ತಿರುವುಗಳಲ್ಲಿ ಬಸ್ಸುಗಳೇ ಹಿಂದೆ ಮುಂದೆ ಮಾಡುತ್ತವೆ."

"ತಳ ನೀರೊಳಗೆ 11 ಮೀಟರ್ ಇಳಿಯುತ್ತದೆ" ಎಂದು ರಾಯರು ಸೇರಿಸಿದರು. "ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಸಿಗಂದೂರಿನ ಲಾಂಚಿಗೇ ವಾಹನ ಹತ್ತಿಸುತ್ತಿರಲಿಲ್ಲ. ನಿಮ್ಮ ಐಯೋವಾ ಮೇ ತಿಂಗಳಲ್ಲಿ ಕೆಸರಲ್ಲಿ ಕೂರುತ್ತದೆ. ಊರಿನ ಎಮ್ಮೆಗಳು ಪಕ್ಕದಲ್ಲಿ ಕೂರುತ್ತವೆ."

ಲಾಂಚಿನ ಹೆಸರು ಬಂದದ್ದೇ ಎಲ್ಲರೂ ನೆಟ್ಟಗೆ ಕೂತರು. 2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಗಿದೆ. 2.44 ಕಿಲೋಮೀಟರ್. ಹೊಳೆಬಾಗಿಲಿನಲ್ಲಿ ಕಾಯುವ ಕೆಲಸವಿಲ್ಲ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಆಚೆ ದಡ. ಬಸ್ಸು, ಕಾರು, ಮದುವೆ ದಿಬ್ಬಣ, ಬಾಣಂತಿ, ಹೆಣ ಎಲ್ಲವನ್ನೂ ದಾಟಿಸಿದ ಲಾಂಚಿಗೆ ಏನು ಗತಿ?

"ಅಮೆರಿಕಕ್ಕೆ ಯಾಕೆ ಹೋಗಬೇಕು? ನಮ್ಮದೇ ಯುದ್ಧನೌಕೆ ಅದು" ಎಂದರು ಗೌಡರು. "ಭಾನುವಾರ ಅದರಲ್ಲಿ ಸೀಟಿಗೆ ಆದ ಯುದ್ಧ ಯಾವ ನಾರ್ಮಂಡಿಗೂ ಕಡಿಮೆ ಇಲ್ಲ."

ತಕ್ಷಣ ಸಮಿತಿಯಾಯಿತು. ರಾಯರು ಎಂಜಿನಿಗೆ. ಹೆಗಡೆಯವರು ಕಪ್ತಾನ, ಯಾರೂ ಕೇಳದಿದ್ದರೂ. ಗೌಡರು ಖಜಾಂಚಿ. ವರ್ಷಕ್ಕೊಮ್ಮೆ ತುಕ್ಕು ಕೆರೆದು ಬಣ್ಣ ಬಳಿಯುವವರು ಯಾರು ಎಂದು ರಾಯರು ಕೇಳಿದಾಗ ಹೆಗಡೆಯವರಿಗೆ ಔಷಧಿ ಹೊಡೆಯುವವರು ನೆನಪಾದರು, ಗೌಡರಿಗೆ ಮಂಡಿಯ ಕೆಲಸ ನೆನಪಾಯಿತು. ನನಗೆ ಸೊಂಟನೋವು ಇರುವುದು ಎಲ್ಲರಿಗೂ ಗೊತ್ತೇ ಇದೆ. ಮಾಣಿಯ ಹೆಸರು ಅವನನ್ನು ಕೇಳದೆಯೇ ಬರೆಯಲಾಯಿತು.

"ಟಿಕೆಟ್ ಐವತ್ತು ರೂಪಾಯಿ ಇಡೋಣ" ಎಂದರು ಗೌಡರು. "ಜನ ಬಂದರು, ಹತ್ತಿದರು, ಒಂದು ಸುತ್ತು ಹಾಕಿ ಇಳಿದರು."

ಹೆಗಡೆಯವರು ಒಪ್ಪಲಿಲ್ಲ. "ಬಂದ ಕೂಡಲೇ ಹತ್ತಿಸುವುದಾ? ಎರಡು ಗಂಟೆ ಕ್ಯೂನಲ್ಲಿ ನಿಲ್ಲಿಸದಿದ್ದರೆ ಅದು ಸಿಗಂದೂರು ಲಾಂಚ್ ಹೇಗಾಗುತ್ತದೆ?"

ರಾಯರು ಮೊದಲ ಸಲ ಅವರ ಮಾತಿಗೆ ತಲೆದೂಗಿದರು. ಗೌಡರು ಬರೆದುಕೊಂಡರು: ಕಾಯಿಸುವುದಕ್ಕೆ ಬೇರೆ ಚಾರ್ಜು, ರಜಾದಿನ ಡಬಲ್.